ಬೇರಿನ ಮಣ್ಣು ಉದುರದ ಹಾಗೆ: ಪೊರೆ ಪ್ರೋಟೀನು, ಪಾಲಿಮರ್ ಮತ್ತು ಕನ್ನಡದ ವಿವರಣೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ)

ಕನ್ನಡ ಎಂ.ಎ. ವಿದ್ಯಾರ್ಥಿಗೆ ಪಾಲಿಮರ್ ಉಸಾಬರಿ ಯಾಕೆ ಅಂತ ನಿಮಗೆ ಅನ್ನಿಸಬಹುದು. ನಾನು ಕರ್ನೂಲು ಜಿಲ್ಲೆಯ ನಂದವರಂನವನು. ಆದೋನಿ ಸೀಮೆಯಲ್ಲಿ ನಾನು ವಿಜ್ಞಾನವನ್ನು ಕನ್ನಡದಲ್ಲಿ ಓದಿದ್ದು ಹತ್ತನೇ ತರಗತಿವರೆಗೆ ಮಾತ್ರ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು, ನಂಗಪುರಂ ವೆಂಕಟೇಶ ಅಯ್ಯಂಗಾರರು ‘ವಿಜ್ಞಾನ’ ಪತ್ರಿಕೆ ತಂದ ಭಾಷೆ ಇದು. ಈ ಕಾಲದ ಸಂಶೋಧನೆಯೊಂದನ್ನು ಈ ಭಾಷೆಯಲ್ಲಿ ಕೊನೇತನಕ ವಿವರಿಸೋಕೆ ಆಗುತ್ತಾ? ಇವತ್ತಿನ ಪ್ರಯತ್ನ ಅದೇ.

ಮೊದಲು ಪೊರೆ. ಹಾವು ಕಳಚೋದು ಪೊರೆ, ಕಣ್ಣಿಗೆ ಬರೋದು ಪೊರೆ, ಜೀವಕೋಶವನ್ನು ಸುತ್ತಿರೋದೂ ಪೊರೆ. ಹಳಗನ್ನಡದಲ್ಲಿ ಪೊರೆ ಎಂದರೆ ಕಾಪಾಡು ಎಂಬ ಕ್ರಿಯಾಪದವೂ ಹೌದು. ಎರಡರ ಮೂಲ ಒಂದೇ ಅಂತ ನಾನು ವಾದಿಸುತ್ತಿಲ್ಲ. ಆದರೆ ಓದುಗನಿಗೆ ಎರಡೂ ಅರ್ಥ ಒಟ್ಟಿಗೆ ಕೇಳಿಸುತ್ತವೆ.

ಕೋಶಪೊರೆ ಕೊಬ್ಬಿನ ಅಣುಗಳ ಎರಡು ಪದರ. ಅದರೊಳಗೆ ನಾಟಿಕೊಂಡಿರುವ ಪ್ರೋಟೀನುಗಳೇ ಕೋಶದ ಬಾಗಿಲು, ಕಾವಲು. ಬಳಕೆಯಲ್ಲಿರುವ ಔಷಧಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡುವುದು ಇವುಗಳ ಮೇಲೆ. ಇವುಗಳ ಆಕಾರ ತಿಳಿಯಬೇಕಾದರೆ ಪೊರೆಯಿಂದ ಹೊರಗೆ ತೆಗೀಬೇಕು. ಕಷ್ಟ ಇರೋದೇ ಇಲ್ಲಿ. ಹಳೆಯ ದಾರಿ ಮಾರ್ಜಕ, ಅಂದರೆ ಸೋಪಿನ ಜಾತಿಯ ವಸ್ತು. ಅದು ಪ್ರೋಟೀನನ್ನು ಬಿಡಿಸುತ್ತೆ, ಜೊತೆಗೆ ಸುತ್ತಲ ಕೊಬ್ಬನ್ನೂ ತೊಳೆದುಬಿಡುತ್ತೆ. ಬೇರಿನ ಮಣ್ಣೆಲ್ಲ ತೊಳೆದ ಮೆಣಸಿನ ಸಸಿ ಬಾಡುವ ಹಾಗೆ ಎಷ್ಟೋ ಪ್ರೋಟೀನುಗಳು ಆಕಾರ ಕಳಕೊಳ್ಳುತ್ತವೆ.

ಮಣ್ಣಿನ ಹೆಂಟೆ ಸಮೇತ ಕಿತ್ತರೆ? ಸ್ಟೈರೀನ್–ಮೇಲಿಯಿಕ್ ಆಮ್ಲದ ಪಾಲಿಮರ್ ಮಾಡೋದು ಅದನ್ನೇ. ಸ್ಟೈರೀನ್ ಅಂದರೆ ನಮ್ಮ ಥರ್ಮೋಕೋಲ್ ಯಾವುದರಿಂದ ಆಗುತ್ತೋ ಅದೇ. ನೀರಿಗೆ ಆಗದು, ಆದ್ದರಿಂದ ಕೊಬ್ಬಿನ ಪದರದೊಳಗೆ ನುಗ್ಗುತ್ತೆ. ಮೇಲಿಯಿಕ್ ಆಮ್ಲದ ಭಾಗ ನೀರಿಗೆ ಒಲಿದದ್ದು, ಹೊರಮುಖವಾಗಿ ನಿಲ್ಲುತ್ತೆ. ಹೀಗೆ ಸರಪಳಿ ಪೊರೆಯ ಒಂದು ತುಣುಕನ್ನು ಸುತ್ತಿ, ಸುಮಾರು 10 ನ್ಯಾನೋಮೀಟರ್ ಅಗಲದ ಬಿಲ್ಲೆಯಾಗಿ ಕತ್ತರಿಸಿ ನೀರಿಗೆ ತರುತ್ತೆ. ಒಳಗೆ ಪ್ರೋಟೀನು, ಅದರ ಸುತ್ತ ಅದರದೇ ಕೊಬ್ಬು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡ 2009ರಲ್ಲಿ ಇದನ್ನು ಪ್ರಕಟಿಸಿತು. ಆಮೇಲೆ ಪಾಲಿಮರ್ ತಯಾರಿಸುವ ರಸಾಯನಶಾಸ್ತ್ರಜ್ಞರು, ಪ್ರೋಟೀನು ಓದುವ ಜೀವವಿಜ್ಞಾನಿಗಳು ಸೇರಿದ ಒಂದು ಬಳಗವೇ ಬೆಳೆಯಿತು. ಹೀಗೆ ತೆಗೆದ ಬಿಲ್ಲೆಗಳನ್ನು ಹೆಪ್ಪುಗಟ್ಟಿಸಿ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಅಂಥ ರಾಷ್ಟ್ರೀಯ ಸೌಲಭ್ಯವೊಂದು ಬೆಂಗಳೂರಿನಲ್ಲೇ ಇದೆ.

ಹಂಗಂತ ಇದು ಸರ್ವರೋಗಕ್ಕೂ ಮದ್ದಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ ಹೆಚ್ಚಾದರೆ ಪಾಲಿಮರ್ ಗಷ್ಟಾಗಿ ತಳ ಸೇರುತ್ತೆ. ಆಮ್ಲ ಹೆಚ್ಚಾದರೂ ಅಷ್ಟೇ. ಕೆಲವು ಪ್ರೋಟೀನುಗಳಿಗೆ ಕೆಲಸ ಮಾಡೋಕೆ ಮೆಗ್ನೀಸಿಯಮ್ಮೇ ಬೇಕು! ಅದಕ್ಕೇ ಸ್ಟೈರೀನ್ ಬದಲು ಡೈಐಸೊಬ್ಯುಟಿಲೀನ್ ಇರುವ ಪಾಲಿಮರ್ ಬಂತು. ಅದು ಈ ಲವಣಗಳನ್ನು ಹೆಚ್ಚು ತಾಳುತ್ತೆ.

ಇಷ್ಟು ವಿವರಿಸೋಕೆ ನನಗೆ ಎರವಲು ಬೇಕಾಗಿದ್ದು ಪ್ರೋಟೀನು, ಪಾಲಿಮರ್ ಮತ್ತು ಕೆಲವು ರಾಸಾಯನಿಕಗಳ, ಅಳತೆ–ಉಪಕರಣಗಳ ಹೆಸರು. ಪೊರೆ, ಪದರ, ಬಿಲ್ಲೆ, ಹೆಂಟೆ ನಮ್ಮಲ್ಲೇ ಇದ್ದವು. ಹೆಸರುಗಳನ್ನು ಸಂಸ್ಕೃತಕ್ಕೆ ತಿರುಗಿಸಿ ‘ಬಹ್ವಣು’ ಅಂತ ಬರೆದರೆ ಹತ್ತನೇ ತರಗತಿಯ ಹುಡುಗನಿಗೆ ಎರಡು ಸಲ ಕಲಿಯೋ ಕೆಲಸ. ಹೆಸರು ಹಂಗೇ ಇರಲಿ; ಅದು ಮಾಡುವ ಕೆಲಸವನ್ನು ಕನ್ನಡದಲ್ಲಿ ಹೇಳೋಣ. ಇದು ನನ್ನ ಪ್ರಸ್ತಾವ. ಒಪ್ಪದವರು ದಯವಿಟ್ಟು ಈಗಲೇ ಪ್ರಶ್ನೆ ಕೇಳಬೇಕು.