ಮ್ಯಾಗಜಿನ್ ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಗದು

ಖಂಡೇನವಮಿ ಹತ್ತಿರ ಬಂತೆಂದರೆ ಹಳಿಯಾಳ, ಜೋಯಿಡಾ ಕಡೆಯ ಮನೆಗಳಲ್ಲಿ ನೇಗಿಲು, ಕುಡುಗೋಲಿನ ಜೊತೆ ಲೈಸೆನ್ಸ್ ಕೋವಿಯೂ ಒಳಕೋಣೆಯಿಂದ ಹೊರಬರುತ್ತದೆ. ಹಂದಿ, ಮಂಗನ ಕಾಟಕ್ಕೆಂದು ಪಡೆದ ಬೆಳೆ ರಕ್ಷಣೆಯ ಕೋವಿಗಳೇ ನಮ್ಮಲ್ಲಿ ಹೆಚ್ಚು. ದಾಂಡೇಲಿ, ಮುಂಡಗೋಡದಲ್ಲಿ ಆತ್ಮರಕ್ಷಣೆಗೆ ಪಿಸ್ತೂಲು ಇಟ್ಟುಕೊಂಡವರು ಇದ್ದರೂ ಕಡಿಮೆ. ಆಯುಧ ಯಾವುದೇ ಇರಲಿ, ಒರೆಸಲು ಕೂತ ಹೊತ್ತಿನಲ್ಲೇ ಎಚ್ಚರ ತಪ್ಪುತ್ತದೆ. ಇದು ಖಾಲಿ ಎಂದು ಮನಸ್ಸು ಮೊದಲೇ ನಂಬಿಬಿಟ್ಟಿರುತ್ತದೆ.

‘ಮ್ಯಾಗಜಿನ್ ತೆಗೆದಿದ್ದೇನೆ, ಇನ್ನೇನು ಭಯ?’ ಎನ್ನುವುದು ಎಲ್ಲಕ್ಕಿಂತ ಅಪಾಯದ ನಂಬಿಕೆ. ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನಲ್ಲಿ ಗುಂಡು ಎರಡು ಕಡೆ ಇರುತ್ತದೆ: ಹಿಡಿಯೊಳಗಿನ ಮ್ಯಾಗಜಿನ್‌ನಲ್ಲಿ, ನಳಿಗೆಯ ಹಿಂತುದಿಯ ಚೇಂಬರ್‌ನಲ್ಲಿ. ಮ್ಯಾಗಜಿನ್ ಕೈಗೆ ಬಂದರೂ ಚೇಂಬರಿನ ಗುಂಡು ಅಲ್ಲೇ ಕೂತಿರುತ್ತದೆ. ಎಷ್ಟೋ ಮಾದರಿಗಳಲ್ಲಿ ಟ್ರಿಗರ್ ಒತ್ತಿದರೆ ಅದು ಹಾರುತ್ತದೆ. ಕೆಲವು ಪಿಸ್ತೂಲುಗಳನ್ನು ಬಿಚ್ಚಬೇಕಾದರೆ ಟ್ರಿಗರ್ ಒತ್ತಲೇಬೇಕು, ಅನಾಹುತ ಆಗುವುದು ಅಲ್ಲೇ.

ಕ್ರಮವೂ ಮುಖ್ಯ. ಮ್ಯಾಗಜಿನ್ ಒಳಗಿರುವಾಗಲೇ ಸ್ಲೈಡ್ ಹಿಂದೆಳೆದು ಬಿಟ್ಟರೆ ಒಂದು ಗುಂಡು ಹೊರಬೀಳುತ್ತದೆ, ಮರುಕ್ಷಣವೇ ಇನ್ನೊಂದು ಚೇಂಬರಿಗೆ ಏರುತ್ತದೆ. ಬಿದ್ದ ಗುಂಡನ್ನು ನೋಡಿದವನಿಗೆ ಖಾಲಿಯಾಯಿತು ಎಂದೇ ಅನಿಸುತ್ತದೆ. ಆದ್ದರಿಂದ ನಳಿಗೆಯನ್ನು ಯಾರೂ ಇಲ್ಲದ ದಿಕ್ಕಿಗೆ ಹಿಡಿದು, ಬೆರಳನ್ನು ಟ್ರಿಗರಿನಿಂದ ದೂರವಿಟ್ಟು ಮೊದಲು ಮ್ಯಾಗಜಿನ್ ತೆಗೆಯಬೇಕು. ಆಮೇಲೆ ಸ್ಲೈಡ್ ಎಳೆದು, ಹಿಂದೆಯೇ ನಿಲ್ಲಿಸಿ, ಬೆಳಕಿನಲ್ಲಿ ಚೇಂಬರ್ ನೋಡಬೇಕು. ನೋಡಿದ್ದೂ ಸಾಲದು, ಕಿರುಬೆರಳ ತುದಿಯಿಂದ ಮುಟ್ಟಿಯೂ ನೋಡಬೇಕು. ಗುಂಡುಗಳನ್ನು ಇನ್ನೊಂದು ಕೋಣೆಗೆ ಸಾಗಿಸಿದ ಮೇಲೆಯೇ ಬಟ್ಟೆ, ಎಣ್ಣೆ ಕೈಗೆತ್ತಿಕೊಳ್ಳಿ. ಸೇಫ್ಟಿ ಲಾಕ್ ಹಾಕಿದೆ ಎಂಬ ಧೈರ್ಯ ಬೇಡ. ಅದೂ ಸವೆಯುವ ಒಂದು ಭಾಗವೇ.

ಕೇಪಿನ ಕೋವಿಗೂ ಇಂಥದೇ ಒಂದು ನಂಬಿಕೆ ಅಂಟಿಕೊಂಡಿದೆ: ‘ಕೇಪು ಇಲ್ಲ, ಹಾಗಾಗಿ ಈಡಿಲ್ಲ.’ ಮುಂದಿನಿಂದ ತುಂಬಿದ ಮದ್ದು, ಚರೆ ವರ್ಷಗಟ್ಟಲೆ ನಳಿಗೆಯ ತಳದಲ್ಲೇ ಕೂತಿರಬಹುದು. ಅಜ್ಜ ತುಂಬಿಟ್ಟದ್ದು ಮೊಮ್ಮಗನಿಗೆ ಹೇಗೆ ಗೊತ್ತಾಗಬೇಕು? ಗಜವನ್ನು ಮೆಲ್ಲಗೆ ಒಳಗಿಳಿಸಿ, ಬಾಯಿಯ ಬಳಿ ಗುರುತು ಹಾಕಿ, ಹೊರತೆಗೆದು ನಳಿಗೆಯ ಪಕ್ಕ ಹಿಡಿದು ಅಳೆಯಿರಿ. ಗಜ ತಳ ಮುಟ್ಟಿಲ್ಲವಾದರೆ ಒಳಗೆ ಏನೋ ಇದೆ. ಅದನ್ನು ಕೆದಕಬೇಡಿ, ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಗೆ ಹೇಳಿ. ಊರಿನ ಕುಲುಮೆಯಲ್ಲಿ ರಿಪೇರಿ ಮಾಡಿಸುವುದು ರೂಢಿ ಇರಬಹುದು, ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಬಂದೂಕು ರಿಪೇರಿಯ ಕಸುಬಿಗೂ ಲೈಸೆನ್ಸ್ ಬೇಕು.

ಚುನಾವಣೆಗೆಂದು ಠಾಣೆಗೆ ಒಪ್ಪಿಸಿ ವಾಪಸ್ ತಂದ ಕೋವಿಯನ್ನೂ ಹೀಗೇ ಮತ್ತೆ ನೋಡಬೇಕು. ಕೈ ಬದಲಾದ ಆಯುಧವನ್ನು ಹೊಸದಾಗಿಯೇ ಪರೀಕ್ಷಿಸಬೇಕು.

ಇನ್ನು ಎಣ್ಣೆಯ ಮಾತು. ‘ತೆಂಗಿನೆಣ್ಣೆ ಹಚ್ಚಿದರೆ ಸಾಕು’ ಎಂದು ನಮ್ಮಲ್ಲಿ ಎಷ್ಟೋ ಜನ ಹೇಳುತ್ತಾರೆ. ಜೋಯಿಡಾದಲ್ಲಿ ಡಿಸೆಂಬರಿನ ಬೆಳಿಗ್ಗೆ ಬಾಟಲಿಯೊಳಗಿನ ತೆಂಗಿನೆಣ್ಣೆಯನ್ನು ನೋಡಿ, ಬೆಣ್ಣೆಯ ಹಾಗೆ ಬೆಳ್ಳಗೆ ಗಟ್ಟಿಯಾಗಿರುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುವುದೇ ಹಾಗೆ. ಪಿಸ್ತೂಲಿನ ಸ್ಪ್ರಿಂಗು, ಸಂದುಗಳಲ್ಲೂ ಅದೇ ಆಗುತ್ತದೆ. ಹಳತಾದಂತೆ ಅಂಟೂ ಕಟ್ಟುತ್ತದೆ. ಸೀಮೆಎಣ್ಣೆ ಮಸಿಯನ್ನು ಬಿಡಿಸುತ್ತದೆ, ಆದರೆ ಆರಿಹೋದ ಮೇಲೆ ತುಕ್ಕಿನಿಂದ ಕಾಯುವುದಿಲ್ಲ. ಬಂದೂಕಿನ ಎಣ್ಣೆಯನ್ನೇ ಬಳಸಿ, ಅದೂ ಬಟ್ಟೆಗೆ ಕೆಲವೇ ಹನಿ. ಹೆಚ್ಚಾದರೆ ಧೂಳು ಹಿಡಿಯುತ್ತದೆ. ಗುಂಡಿನೊಳಗೆ ಇಳಿದರೆ ಅದನ್ನೂ ಕೆಡಿಸುತ್ತದೆ. ಕಪ್ಪುಮದ್ದಿನ ಕೋವಿಯದು ಬೇರೆ ಲೆಕ್ಕ. ಆ ಮಸಿ ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಬಿಸಿನೀರು, ಸೋಪಿನಿಂದ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಸವರಬೇಕು.

ಚರ್ಮದ ಚೀಲದಲ್ಲಿಟ್ಟರೆ ಆಯುಧ ಬೆಚ್ಚಗಿರುತ್ತದೆ ಎಂಬ ನಂಬಿಕೆಯೂ ಇದೆ. ನಮ್ಮ ಮಳೆಗಾಲದಲ್ಲಿ ಚರ್ಮ ತೇವ ಹೀರಿಕೊಂಡು, ಅದನ್ನು ಲೋಹಕ್ಕೇ ಉಣಿಸುತ್ತದೆ. ಆಯುಧವನ್ನು ಚೀಲದಿಂದ ತೆಗೆದೇ ಇಡಿ.

ಒರೆಸಿದ ಬಟ್ಟೆಗೆ ಸೀಸದ ಪುಡಿ ಅಂಟಿರುತ್ತದೆ. ಅದು ಅಡುಗೆಮನೆಗೆ ಹೋಗಬಾರದು, ಮಕ್ಕಳ ಕೈಗೂ ಸಿಗಬಾರದು. ಕೈ ಸೋಪಿನಿಂದ ತೊಳೆಯದೆ ಎಲೆ-ಅಡಿಕೆ ಬಾಯಿಗಿಡಬೇಡಿ. ಪೂಜೆ ಮಾಡಿದ ದಿನ ಸಂಜೆಯೊಳಗೆ ಕುಂಕುಮ, ನೀರಿನ ಹನಿ ಒರೆಸಿ ತೆಗೆಯಿರಿ. ಅವು ಕೂತಲ್ಲೇ ತುಕ್ಕು ಶುರುವಾಗುತ್ತದೆ. ಆಮೇಲೆ ಕೋವಿ ಒಂದು ಪೆಟ್ಟಿಗೆಗೆ, ಗುಂಡು ಇನ್ನೊಂದಕ್ಕೆ; ಎರಡಕ್ಕೂ ಬೀಗ.