ನಿಮ್ಮ ಮೈಗೆ ಒಪ್ಪುವ ತೂಕ ಎಷ್ಟು?

‘ಇಪ್ಪತ್ತು ವರ್ಷದಿಂದ ನನ್ನ ಪ್ಯಾಂಟು 34ರದ್ದೇ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಗಂಡಸರು ಪ್ರತಿ ಕಚೇರಿಯಲ್ಲೂ ಸಿಗುತ್ತಾರೆ. ಅವರ ಮಾತು ಸುಳ್ಳಲ್ಲ. ಪ್ಯಾಂಟಿನ ಅಳತೆ ಹಾಗೆಯೇ ಇದೆ, ಪ್ಯಾಂಟು ನಿಲ್ಲುವ ಜಾಗ ಬದಲಾಗಿದೆ. ಒಂದು ಕಾಲಕ್ಕೆ ಹೊಕ್ಕುಳಿನ ಹತ್ತಿರ ಕೂರುತ್ತಿದ್ದ ಸೊಂಟಪಟ್ಟಿ ವರ್ಷ ವರ್ಷವೂ ಒಂದಿಷ್ಟು ಜಾರಿ ಈಗ ಹೊಟ್ಟೆಯ ಅಡಿಗೆ ಬಂದು ನಿಂತಿದೆ. ಹೆಂಗಸರಲ್ಲಿ ಇದೇ ಕೆಲಸವನ್ನು ಲಂಗದ ಲಾಡಿ ಮಾಡುತ್ತದೆ. ಬಿಗಿಯಾಯಿತೆಂದರೆ ತುಸು ಸಡಿಲಿಸಿ ಗಂಟು ಹಾಕಿಕೊಂಡರೆ ಆಯಿತು, ಸೀರೆಯ ನೆರಿಗೆ ಒಂದು ಕಡಿಮೆಯಾದದ್ದು ಯಾರಿಗೂ ಕಾಣುವುದಿಲ್ಲ. ಹೊಟ್ಟೆ ಬೆಳೆದದ್ದು ಎಷ್ಟೋ ಸಲ ಹೊಟ್ಟೆ ಇರುವವರಿಗೇ ಕೊನೆಗೆ ಗೊತ್ತಾಗುವುದು ಹೀಗೆ.

ನಾವು ಗಮನವಿಟ್ಟು ನೋಡುವುದು ತೂಕದ ಯಂತ್ರದ ಅಂಕಿಯನ್ನು. ಮದುವೆ ನಿಶ್ಚಯವಾದ ಹುಡುಗಿ ‘ಧಾರೆಯ ಹೊತ್ತಿಗೆ ಹತ್ತು ಕೆಜಿ ಇಳಿಸಬೇಕು’ ಎಂದು ಹೊರಡುತ್ತಾಳೆ. ನಲವತ್ತೈದರ ಗೃಹಸ್ಥರು ಕಾಲೇಜಿನ ದಿನಗಳ ತೂಕಕ್ಕೆ ಮರಳುವ ಪಣ ತೊಡುತ್ತಾರೆ. ಇನ್ನು ಕೆಲವರು ಎತ್ತರದ ಸೆಂಟಿಮೀಟರಿನಲ್ಲಿ ನೂರು ಕಳೆದು ಬಂದದ್ದೇ ತಮ್ಮ ತೂಕ ಎಂದು ನಂಬುತ್ತಾರೆ; ಹತ್ತೊಂಬತ್ತನೇ ಶತಮಾನದ ಫ್ರೆಂಚ್ ವೈದ್ಯ ಪಾಲ್ ಬ್ರೋಕಾನ ಹೆಸರಿನಲ್ಲಿ ಉಳಿದುಬಂದ ಲೆಕ್ಕ ಅದು. ಈ ಗುರಿಗಳಲ್ಲಿ ಯಾವುದೂ ಆ ವ್ಯಕ್ತಿಯ ಮೈಯನ್ನು ನೋಡಿ ಹುಟ್ಟಿದ್ದಲ್ಲ. ತೂಕದ ಗುರಿ ಇಟ್ಟುಕೊಳ್ಳುವ ಮುನ್ನ ಸೊಂಟಕ್ಕೆ ಟೇಪು ಹಿಡಿಯಬೇಕು, ರಕ್ತಪರೀಕ್ಷೆಯ ಚೀಟಿ ಮುಂದಿಟ್ಟುಕೊಳ್ಳಬೇಕು. ನಮ್ಮ ದೇಶದವರಿಗಂತೂ ಇದು ಬಹಳ ಮುಖ್ಯ. ಯಾಕೆಂದರೆ ತೂಕದ ಅಂಕಿ ನಮ್ಮ ವಿಷಯದಲ್ಲಿ ದಾರಿ ತಪ್ಪಿಸುವುದು ಹೆಚ್ಚು.

ಈಗ ಎಲ್ಲರ ಬಾಯಲ್ಲೂ ಇರುವ ಬಿಎಂಐ, ಅಂದರೆ ಕೆಜಿಯಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದ ವರ್ಗದಿಂದ ಭಾಗಿಸಿ ಬರುವ ಸಂಖ್ಯೆ, ರೋಗಿಗಳಿಗಾಗಿ ಹುಟ್ಟಿದ್ದೇ ಅಲ್ಲ. ಬೆಲ್ಜಿಯಂನ ಖಗೋಳಜ್ಞ, ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ 1830ರ ದಶಕದಲ್ಲಿ ‘ಸರಾಸರಿ ಮನುಷ್ಯ’ ಹೇಗಿರುತ್ತಾನೆ ಎಂದು ಹುಡುಕುತ್ತಾ ಕಂಡುಕೊಂಡ ಸೂತ್ರ ಇದು. ಮುಂದೆ ಅಮೆರಿಕದ ಮೆಟ್ರೋಪಾಲಿಟನ್ ಲೈಫ್ ವಿಮಾ ಕಂಪನಿ 1943ರಲ್ಲಿ ಎತ್ತರ–ತೂಕದ ಕೋಷ್ಟಕವನ್ನು ಹೊರತಂದಿತು. ಯಾವ ಮೈಕಟ್ಟಿನ ಪಾಲಿಸಿದಾರರು ಹೆಚ್ಚು ಕಾಲ ಬದುಕುತ್ತಾರೆ ಎಂಬುದು ಕಂಪನಿಗೆ ಬೇಕಿತ್ತು. ಸಣ್ಣ, ಮಧ್ಯಮ, ದೊಡ್ಡ ಎಂದು ದೇಹದ ಚೌಕಟ್ಟಿಗೆ ಮೂರು ಕಂಬಸಾಲು ಹಾಕಿದ ಆ ಕೋಷ್ಟಕ, ಯಾರದು ಯಾವ ಚೌಕಟ್ಟು ಎಂದು ತೀರ್ಮಾನಿಸುವ ಬಗೆಯನ್ನು ಸರಿಯಾಗಿ ಹೇಳಲಿಲ್ಲ. ‘ನಂದು ದಪ್ಪ ಮೂಳೆ’ ಎಂಬ ಸಮಾಧಾನ ಇಂದಿಗೂ ನಮ್ಮ ನಡುವೆ ಓಡಾಡುತ್ತಿದೆಯಲ್ಲ, ಮೂಳೆಯಿಂದ ಆಗುವ ವ್ಯತ್ಯಾಸ ಕೆಲವೇ ಕೆಜಿಯದ್ದು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಕೆಟ್ಲೆಯ ಸೂತ್ರವನ್ನು ಪರೀಕ್ಷಿಸಿ ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂದು ಹೆಸರಿಟ್ಟರು. ಆ ಪರೀಕ್ಷೆಗೆ ಒಳಗಾದವರೆಲ್ಲ ಗಂಡಸರೇ.

ಬಿಎಂಐ ನಮ್ಮವರಿಗೆ ಎಷ್ಟು ಸಾಲದು ಎಂಬುದನ್ನು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ತಮ್ಮ ಮೈಯನ್ನೇ ಮುಂದಿಟ್ಟು ತೋರಿಸಿದರು. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅವರದೂ ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ ಅವರದೂ ಜೋಡಿ ಚಿತ್ರ ಪ್ರಕಟವಾಯಿತು. ಇಬ್ಬರ ಬಿಎಂಐ ಕೂಡ 22.3. ಸ್ಕ್ಯಾನ್ ಮಾಡಿ ನೋಡಿದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು 9.1 ಶೇಕಡ, ಯಾಜ್ಞಿಕ್ ಮೈಯಲ್ಲಿ 21.2 ಶೇಕಡ. ತೂಕದ ಯಂತ್ರದ ಮುಂದೆ ಸಮಾನರಾದ ಇಬ್ಬರಲ್ಲಿ ಒಬ್ಬರ ಕೊಬ್ಬು ಮತ್ತೊಬ್ಬರದ್ದರ ಎರಡು ಪಟ್ಟಿಗಿಂತ ಹೆಚ್ಚು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ: ನಮ್ಮ ನೆಂಟರಿಷ್ಟರಲ್ಲೇ ಇಂಥ ಮೈಕಟ್ಟಿನವರನ್ನು ಎಣಿಸಿಕೊಳ್ಳಬಹುದು.

ಇದು ಬರೀ ಊಟ, ಸೋಮಾರಿತನದ ಫಲವೂ ಅಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಮಕ್ಕಳ ಜನನ ತೂಕದ ದಾಖಲೆ ಇಟ್ಟುಕೊಂಡು ಬಂದದ್ದು. ಅಲ್ಲಿ 1997–98ರಲ್ಲಿ ಹುಟ್ಟಿದ ಮಕ್ಕಳನ್ನು ಪಾರ್ಥೆನಾನ್ ಎಂಬ ಹೆಸರಿನ ಅಧ್ಯಯನದಲ್ಲಿ ವರ್ಷಗಟ್ಟಲೆ ಹಿಂಬಾಲಿಸಿ ಅಳೆದಿದ್ದಾರೆ. ಬ್ರಿಟನ್ನಿನ ಶಿಶುಗಳಿಗೆ ಹೋಲಿಸಿದರೆ ಮೈಸೂರಿನ ಕೂಸುಗಳ ತೂಕ ಕಡಿಮೆ, ಸ್ನಾಯು ಕಡಿಮೆ. ಆದರೆ ಬೆನ್ನಿನ ಚರ್ಮದ ಕೆಳಗಿನ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆಯಿಲ್ಲ. ನಡುಭಾಗದಲ್ಲಿ ಕೊಬ್ಬು ಕೂಡಿಟ್ಟುಕೊಳ್ಳುವ ಸ್ವಭಾವ ನಮಗೆ ತಾಯಿಯ ಹೊಟ್ಟೆಯಲ್ಲೇ ಬಂದಿರುತ್ತದೆ. ಹೊಟ್ಟೆ ಬಂದವರನ್ನು ಕಂಡು ತಿಂಡಿಪೋತರು ಎಂದು ತೀರ್ಪು ಕೊಡುವವರು ಇದನ್ನು ತಿಳಿದುಕೊಂಡರೆ ಒಳ್ಳೆಯದು.

ಕೊಬ್ಬು ಎಲ್ಲಿ ಕೂತಿದೆ ಎಂಬುದು ಎಷ್ಟಿದೆ ಎಂಬುದಕ್ಕಿಂತ ದೊಡ್ಡ ಸಂಗತಿ ಎಂದು 1947ರಲ್ಲೇ ಫ್ರಾನ್ಸಿನ ಮಾರ್ಸೇಲ್ ಊರಿನ ವೈದ್ಯ ಜಾನ್ ವಾಗ್ ಬರೆದಿದ್ದರು. ತೊಡೆ, ಪಿರ್ರೆಗಳಲ್ಲಿ ಚರ್ಮದ ಕೆಳಗೆ ಕೂರುವ ಕೊಬ್ಬು ಬಹುಮಟ್ಟಿಗೆ ತನ್ನ ಪಾಡಿಗೆ ತಾನಿರುತ್ತದೆ. ಹೊಟ್ಟೆಯೊಳಗೆ ಕರುಳು, ಯಕೃತ್ತಿನ ಸುತ್ತ ತುಂಬಿಕೊಳ್ಳುವ ಕೊಬ್ಬು ಹಾಗಲ್ಲ. ಅದು ಬಿಡುವ ಕೊಬ್ಬಿನಾಮ್ಲಗಳು ಯಕೃತ್ತಿಗೆ ನೇರವಾಗಿ ಹರಿದು, ಇನ್ಸುಲಿನ್ ಕೆಲಸ ಮಾಡದಂತೆ ಮಾಡುತ್ತವೆ. ಸಕ್ಕರೆ, ರಕ್ತದೊತ್ತಡ, ಟ್ರೈಗ್ಲಿಸರೈಡ್ ಒಂದರ ಹಿಂದೆ ಒಂದು ಏರುತ್ತವೆ. 52 ದೇಶಗಳ ಸುಮಾರು 27,000 ಜನರನ್ನು ಅಳೆದ ಇಂಟರ್‌ಹಾರ್ಟ್ ಅಧ್ಯಯನ 2005ರಲ್ಲಿ ಹೇಳಿದ್ದೂ ಇದನ್ನೇ: ಹೃದಯಾಘಾತದ ಸುಳಿವನ್ನು ಬಿಎಂಐಗಿಂತ ಸೊಂಟ ಮತ್ತು ಪಿರ್ರೆಯ ಅಳತೆಗಳ ಅನುಪಾತ ಚೆನ್ನಾಗಿ ಕೊಡುತ್ತದೆ. ತೊಡೆ ದಪ್ಪ ಎಂದು ಕನ್ನಡಿಯ ಮುಂದೆ ಕಣ್ಣೀರಿಡುವ ಹುಡುಗಿಯರಿಗೆ ಈ ಮಾತನ್ನು ಯಾರಾದರೂ ಗಟ್ಟಿಯಾಗಿ ಹೇಳಬೇಕು. ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಕೊಬ್ಬು ತೊಡೆ ಬಿಟ್ಟು ಹೊಟ್ಟೆಯ ಕಡೆ ಸೇರತೊಡಗುತ್ತದೆ. ತೂಕ ಅಷ್ಟೇ ಇದ್ದರೂ ಆಗ ಟೇಪು ಹಿಡಿದು ನೋಡಬೇಕು.

ಅಳೆಯುವುದಕ್ಕೆ ಹೊಲಿಗೆ ಡಬ್ಬಿಯಲ್ಲಿರುವ ಟೇಪು ಸಾಕು. ಜಾಗ ಮಾತ್ರ ಸರಿಯಾಗಿರಬೇಕು. ಪ್ಯಾಂಟು, ಲಾಡಿ ಕಟ್ಟುವ ಜಾಗವನ್ನು ಮರೆತುಬಿಡಿ. ಬದಿಯಲ್ಲಿ ಬೆರಳಿಟ್ಟು ಒತ್ತಿದರೆ ಪಕ್ಕೆಲುಬಿನ ಕೊನೆಯ ಅಂಚು ಸಿಗುತ್ತದೆ. ಇನ್ನೂ ಕೆಳಗಿಳಿದರೆ ಸೊಂಟದ ಮೂಳೆಯ ಮೇಲಂಚು. ಇವೆರಡರ ನಟ್ಟನಡುವೆ, ಬರಿಮೈ ಮೇಲೆ, ಟೇಪನ್ನು ನೆಲಕ್ಕೆ ಸಮನಾಗಿ ಸುತ್ತಬೇಕು. ಬೆನ್ನಿನ ಕಡೆ ಟೇಪು ಜಾರಿರುತ್ತದೆ, ಇನ್ನೊಬ್ಬರು ನೋಡಿ ಹೇಳಿದರೆ ಒಳ್ಳೆಯದು. ಹೊಟ್ಟೆ ಎಳೆದುಕೊಳ್ಳಬಾರದು. ಎಂದಿನಂತೆ ಉಸಿರು ಬಿಟ್ಟಾಗ ಟೇಪು ಮೈಗೆ ತಾಗಿರಬೇಕು, ಚರ್ಮವನ್ನು ಒತ್ತಬಾರದು. 34ರ ಪ್ಯಾಂಟಿನವರು ಹೀಗೆ ಅಳೆದಾಗ 39, 40 ಇಂಚು ಬರುವುದು ಅಪರೂಪವಲ್ಲ.

ಭಾರತೀಯರಿಗೆ ತಜ್ಞರು 2009ರಲ್ಲಿ ಹಾಕಿಕೊಟ್ಟ ಗೆರೆ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80. ಅಂದರೆ ಹೆಚ್ಚುಕಡಿಮೆ 35 ಮತ್ತು 31 ಇಂಚು. ಬಿಎಂಐ ಕೂಡ ನಮಗೆ 23 ದಾಟಿದರೆ ಹೆಚ್ಚು ತೂಕ, 25 ಮುಟ್ಟಿದರೆ ಬೊಜ್ಜು. ಪಾಶ್ಚಾತ್ಯರ 25 ಮತ್ತು 30ರ ಗೆರೆ ನಮಗೆ ಸಲ್ಲುವುದಿಲ್ಲ. ಜಾಲತಾಣಗಳ ಎಷ್ಟೋ ಲೆಕ್ಕಯಂತ್ರಗಳು ಇನ್ನೂ ಆ ಹಳೆಯ ಗೆರೆಯನ್ನೇ ತೋರಿಸಿ ‘ನೀವು ಸರಿಯಾಗಿದ್ದೀರಿ’ ಎನ್ನುತ್ತವೆ. ಇಷ್ಟೆಲ್ಲ ನೆನಪಿಡುವುದು ಕಷ್ಟ ಎನ್ನುವವರಿಗೆ ಒಂದೇ ಸೂತ್ರ ಸಾಕು: ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಲಿ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2022ರಲ್ಲಿ ಜನರಿಗೆ ಹೇಳಿದ್ದು ಇದನ್ನೇ.

ಗುರಿಯ ಮಾತಿಗೆ ಬರೋಣ. 157 ಸೆಂಟಿಮೀಟರು ಎತ್ತರ, 68 ಕೆಜಿ ತೂಕದ ಹೆಣ್ಣುಮಗಳು ಇದ್ದಾರೆ ಎನ್ನಿ. ಬಿಎಂಐ 27.6. ಪುಸ್ತಕದ ಪ್ರಕಾರ ಅವರು 57 ಕೆಜಿಗಿಂತ ಕೆಳಗೆ ಬರಬೇಕು. ಹನ್ನೊಂದು ಕೆಜಿ! ಕೇಳಿದ ದಿನವೇ ಕೈಕಾಲು ಸೋಲುತ್ತದೆ. ಆದರೆ ಈಗಿನ ತೂಕದಲ್ಲಿ ಶೇಕಡ 5 ಕಡಿಮೆಯಾದರೂ ಸಕ್ಕರೆ, ರಕ್ತದೊತ್ತಡಗಳಲ್ಲಿ ಗುಣ ಕಾಣತೊಡಗುತ್ತದೆ. ಇವರ ಲೆಕ್ಕಕ್ಕೆ ಅದು ಮೂರೂವರೆ ಕೆಜಿಯೂ ಇಲ್ಲ. 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನ ಇಟ್ಟುಕೊಂಡ ಗುರಿ ಶೇಕಡ 7ರಷ್ಟು ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ನಡಿಗೆ. ಮಧುಮೇಹದ ಅಂಚಿನಲ್ಲಿದ್ದವರಲ್ಲಿ ಕಾಯಿಲೆ ಬರುವುದು ಅದರಿಂದ ಶೇಕಡ 58ರಷ್ಟು ತಗ್ಗಿತು.

ನಮ್ಮ ಪಕ್ಕದ ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ತಂಡ ನಡೆಸಿದ ಅಧ್ಯಯನ ಇನ್ನೂ ಧೈರ್ಯ ಕೊಡುವಂಥದ್ದು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಗುಂಪುಗಳಾಗಿ ಮಾಡಿ ಮೂರು ವರ್ಷ ನೋಡಿದರು. ಸಾಮಾನ್ಯ ಸಲಹೆ ಮಾತ್ರ ಪಡೆದ ಗುಂಪಿನಲ್ಲಿ 55 ಶೇಕಡ ಜನರಿಗೆ ಮಧುಮೇಹ ಬಂತು. ದಿನಾ ಬಿರುಸಿನ ನಡಿಗೆ, ಊಟದಲ್ಲಿ ಹಿಡಿತ ಇಟ್ಟುಕೊಂಡ ಗುಂಪಿನಲ್ಲಿ 39.3 ಶೇಕಡ. 2006ರಲ್ಲಿ ಫಲಿತಾಂಶ ಪ್ರಕಟವಾದಾಗ ಗಮನ ಸೆಳೆದ ಸಂಗತಿ ಬೇರೆ: ಈ ಗುಂಪಿನವರ ತೂಕ ಹೇಳಿಕೊಳ್ಳುವಂತೆ ಇಳಿದೇ ಇರಲಿಲ್ಲ. ಯಂತ್ರದ ಅಂಕಿ ಅಲುಗದಿದ್ದರೂ ಮೈಯೊಳಗೆ ಒಳ್ಳೆಯದು ನಡೆದಿತ್ತು. ‘ಆರು ತಿಂಗಳು ನಡೆದೆ, ಒಂದು ಕೆಜಿಯೂ ಇಳಿಯಲಿಲ್ಲ’ ಎಂದು ಶೂ ಮೂಲೆಗೆಸೆದವರು ಇದನ್ನು ಓದಿ ಮತ್ತೆ ಶೂ ಹಾಕಿಕೊಳ್ಳಲಿ ಎಂಬುದೇ ನನ್ನ ಆಸೆ.

ಹಾಗಿದ್ದರೆ ಕೊನೆಯ ತೂಕ ಎಷ್ಟಿರಬೇಕು? ಕೆನಡಾದ ಸ್ಥೂಲಕಾಯ ತಜ್ಞರಾದ ಯೋನಿ ಫ್ರೀಡಾಫ್ ಮತ್ತು ಆರ್ಯ ಶರ್ಮಾ ಕೊಡುವ ಉತ್ತರ ನನಗೆ ತುಂಬಾ ಹಿಡಿಸಿದೆ. ನೀವು ಖುಷಿಯಿಂದ, ಬಹುಕಾಲ ನಡೆಸಿಕೊಂಡು ಹೋಗಬಲ್ಲ ಆರೋಗ್ಯಕರ ಬದುಕಿನಲ್ಲಿ ಮೈ ಯಾವ ತೂಕಕ್ಕೆ ಬಂದು ನಿಲ್ಲುತ್ತದೋ ಅದೇ ನಿಮ್ಮ ಒಳ್ಳೆಯ ತೂಕ ಎಂಬುದು ಅವರ ವಾದದ ಸಾರ. ರಾತ್ರಿ ಊಟ ಬಿಟ್ಟು, ಹಬ್ಬದ ಹೋಳಿಗೆಗೆ ಹೆದರಿ, ಮನೆಯವರ ಮೇಲೆ ಸಿಡುಕುತ್ತಾ ಇಳಿಸಿದ ತೂಕ ಉಳಿಯುವುದಿಲ್ಲ. ಮೊದಲು ಶೇಕಡ 5. ಅದನ್ನು ಕೆಲವು ತಿಂಗಳು ಕಾಪಾಡಿಕೊಂಡು, ಸೊಂಟ ಮತ್ತು ರಕ್ತಪರೀಕ್ಷೆ ನೋಡಿ, ಬೇಕೆನಿಸಿದರೆ ಮತ್ತೆ ಶೇಕಡ 5. ವಾರಕ್ಕೆ ಅರ್ಧ ಕೆಜಿಯ ವೇಗ ಸಾಕು. ಅವಸರದಲ್ಲಿ ಇಳಿಸಿದರೆ ಸ್ನಾಯು ಕರಗುತ್ತದೆ, ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಹೆಚ್ಚು. ಮೊದಲ ವಾರ ಇಳಿಯುವ ಎರಡು ಮೂರು ಕೆಜಿಯಲ್ಲಿ ಹೆಚ್ಚಿನದು ನೀರು. ಮದುವೆ ಊಟದ ಮರುದಿನ, ಮುಟ್ಟಿನ ಮುಂಚಿನ ದಿನಗಳಲ್ಲಿ ಏರುವುದೂ ನೀರೇ, ಅದಕ್ಕೆ ಗಾಬರಿ ಬೇಡ. ತೂಕ ಇಳಿಸಲು 2025ರಲ್ಲಿ ಭಾರತಕ್ಕೆ ಬಂದ ಮೌಂಜಾರೋ, ವೆಗೋವಿ ಚುಚ್ಚುಮದ್ದುಗಳು ಅಗತ್ಯ ಇರುವವರಿಗೆ ವರವೇ. ತಜ್ಞ ವೈದ್ಯರ ಕಣ್ಗಾವಲಿಲ್ಲದೆ ಯಾರೂ ಅವನ್ನು ಮುಟ್ಟಬಾರದು.

ಐವತ್ತು ದಾಟಿದವರು ಕೆಜಿಗಿಂತ ಶಕ್ತಿಯ ಕಡೆ ಕಣ್ಣಿಡಬೇಕು. ಕೈಯೂರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಬೇಕಾದರೆ ಸ್ನಾಯು ಸೊರಗಿದೆಯೇ ಎಂದು ನೋಡಬೇಕು ಎನ್ನುತ್ತದೆ ಏಷ್ಯಾದ ತಜ್ಞರ 2019ರ ಒಮ್ಮತ. ಅಂಥವರಿಗೆ ಬೇಕಾದದ್ದು ಕಾಳು, ಮೊಸರು, ಮೊಟ್ಟೆ, ಮೀನು ಮತ್ತು ಭಾರ ಎತ್ತುವ ವ್ಯಾಯಾಮ. ಉಪವಾಸ ಅಲ್ಲ.

ಇನ್ನೊಂದು ವಿಷಯವನ್ನು ಹೇಳದೆ ಇರಲಾರೆ. ಮದುವೆ ಮಂಟಪದಲ್ಲಿ, ಗೃಹಪ್ರವೇಶದಲ್ಲಿ ಎದುರಾದ ಕೂಡಲೇ ‘ಏನೇ, ಎಷ್ಟು ದಪ್ಪ ಆಗಿದ್ದೀಯ’, ‘ಯಾಕೋ ಸೊರಗಿದ್ದೀಯ, ಮನೇಲಿ ಊಟ ಹಾಕಲ್ವಾ’ ಎನ್ನುವುದು ನಮ್ಮಲ್ಲಿ ಕುಶಲ ವಿಚಾರಿಸುವ ರೀತಿಯೇ ಆಗಿಬಿಟ್ಟಿದೆ. ಬೆಳೆಯುವ ಹುಡುಗಿಯರ ಎದೆಯಲ್ಲಿ ಈ ಮಾತುಗಳು ವರ್ಷಗಟ್ಟಲೆ ಕೊರೆಯುತ್ತವೆ. ಅವರಿಗೆ ದೊಡ್ಡವರ ಬಿಎಂಐ ಗೆರೆಯೂ ಅನ್ವಯಿಸುವುದಿಲ್ಲ, ವಯಸ್ಸಿಗೆ ತಕ್ಕ ಬೆಳವಣಿಗೆಯ ನಕ್ಷೆ ಇದೆ, ಅದನ್ನು ಮಕ್ಕಳ ವೈದ್ಯರು ನೋಡಲಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳುವ ಶಸ್ತ್ರಚಿಕಿತ್ಸೆಗೆ ಹೋದ 21 ವರ್ಷದ ಕನ್ನಡ ಕಿರುತೆರೆ ನಟಿಯೊಬ್ಬರು ಮನೆಗೆ ಮರಳಲಿಲ್ಲ. ಇಪ್ಪತ್ತೊಂದು ವರ್ಷದ ಹುಡುಗಿಗೆ ತನ್ನ ಮೈ ಸಾಲದು ಎನಿಸುವಂತೆ ಮಾಡಿದ್ದರಲ್ಲಿ ನೋಡುವ ಕಣ್ಣುಗಳಾದ ನಮ್ಮದೂ ಪಾಲಿದೆ.

ತೂಕ ಹೆಚ್ಚಿದ್ದವರ ಬಗ್ಗೆಯೇ ಇಷ್ಟು ಮಾತಾಡಿದರೂ ಇದೇ ಕರ್ನಾಟಕದಲ್ಲಿ ಬಿಎಂಐ 18.5ಕ್ಕಿಂತ ಕಡಿಮೆ ಇರುವ ಹೆಣ್ಣುಮಕ್ಕಳು ನೂರಕ್ಕೆ ಸುಮಾರು 17 ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಅವರ ಗುರಿ ತೂಕ ಹೆಚ್ಚಿಸಿಕೊಳ್ಳುವುದು. ಯಾವ ಪ್ರಯತ್ನವೂ ಇಲ್ಲದೆ ಯಾರದಾದರೂ ತೂಕ ತಾನಾಗಿ ಇಳಿಯುತ್ತಿದ್ದರೆ ‘ಸ್ಲಿಮ್ ಆಗಿದ್ದೀರಿ’ ಎಂದು ಹೊಗಳಬೇಡಿ. ಸಕ್ಕರೆ ಕಾಯಿಲೆ, ಕ್ಷಯ, ಥೈರಾಯ್ಡ್, ಕ್ಯಾನ್ಸರ್ ಎಷ್ಟೋ ಸಲ ಮೊದಲು ತೋರಿಸಿಕೊಳ್ಳುವುದು ಹೀಗೆಯೇ. ಮನೆಯ ಹಿರಿಯರ ರವಿಕೆ, ಅಂಗಿ ಸಡಿಲವಾಗಿರುವುದು ಕಣ್ಣಿಗೆ ಬಿದ್ದರೆ ದಯವಿಟ್ಟು ತಡಮಾಡದೆ ಅವರನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.