‘ಮತ್ತು ತಂಡ’

ವಿಮರ್ಶಕರು ಕಾವ್ಯದ ಜೊತೆಗೆ ಗೋಡೆಯ ಪೋಸ್ಟರನ್ನೂ ಓದಬೇಕು. ನಮ್ಮ ಕಾಲೇಜಿನ ನಾಟಕೋತ್ಸವದ ಪೋಸ್ಟರು ಮಾಡುವ ಕೆಲಸ ನನ್ನ ಪಾಲಿಗೆ ಬಿತ್ತು. 23×36 ಇಂಚಿನ ಡಬಲ್ ಡೆಮಿ ಹಾಳೆಯನ್ನು ನಡುವೆ ಕತ್ತರಿಸಿದರೆ ಎರಡು ಪೋಸ್ಟರು. ಸ್ಕ್ರೀನ್ ಪ್ರಿಂಟಿಂಗಿನಲ್ಲಿ ಮರದ ಚೌಕಟ್ಟಿಗೆ ಬಿಗಿದ ತೆಳು ಬಟ್ಟೆಯಲ್ಲಿ ಅಕ್ಷರದ ಜಾಗವಷ್ಟೇ ತೆರೆದಿರುತ್ತದೆ. ರಬ್ಬರ್ ಪಟ್ಟಿಯಿಂದ ಎಳೆದರೆ ಶಾಯಿ ಅಲ್ಲಿಂದ ಹಾಳೆಗೆ ಇಳಿಯುತ್ತದೆ. ಬಣ್ಣಕ್ಕೊಂದು ಸ್ಕ್ರೀನು, ಸ್ಕ್ರೀನಿಗೊಂದು ಖರ್ಚು.

ಕರಡಿನಲ್ಲಿ ಉದ್ಘಾಟಕರು, ನಿರ್ದೇಶಕರು ದಪ್ಪಕ್ಷರದಲ್ಲಿದ್ದರು. ತಮಟೆಯ ನಾಲ್ವರು, ನಮ್ಮ ಕೇರಿಯವರೇ, ‘ಮತ್ತು ತಂಡ’ ಆಗಿದ್ದರು.

‘ಎಲ್ಲಾರ ಹೆಸರೂ ಹಾಕಿದ್ರೆ ಖರ್ಚು ಜಾಸ್ತಿ ಆಗುತ್ತೆ ಕಣ್ರೀ’ ಅಂದರು ಸಂಚಾಲಕರು.

ಇದು ಅಪ್ಪಟ ಸುಳ್ಳು. ಅದೇ ನೀಲಿ ಸ್ಕ್ರೀನಿನಲ್ಲಿ ನಾಲ್ಕು ಹೆಸರು ಸೇರಿದರೆ ಬಣ್ಣವೂ ಹೆಚ್ಚಲ್ಲ, ಹಾಳೆಯೂ ಹೆಚ್ಚಲ್ಲ. ಉದ್ಘಾಟಕರ ಹೆಸರು ತುಸು ಕುಗ್ಗಬೇಕು, ಅಷ್ಟೆ. ಕುಗ್ಗಿಸಿದೆ. ಪೋಸ್ಟರು ಒಣಗುವಾಗ ಸಂಚಾಲಕರು ಬಂದು ನೋಡಿದರು, ಮಾತಾಡಲಿಲ್ಲ.